ಗಣಿ ನಿಂತ ಊರಿನ ಸಂಪಾದನೆಯ ಮೂಲವನ್ನು ಹುಡುಕಿದ ಬಗೆ

ಗೋವಾದಲ್ಲಿ ಪ್ರಾದೇಶಿಕ ಯೋಜನೆ, ಅಂದರೆ ಯಾವ ನೆಲವನ್ನು ಯಾವುದಕ್ಕೆ ಬಳಸಬಹುದೆಂದು ಗೊತ್ತುಪಡಿಸುವ ಯೋಜನೆ, ಎಂದೊಡನೆ ನೆಲದ ಜಗಳವೇ ನೆನಪಾಗುತ್ತದೆ. 2006ರಲ್ಲಿ ಅಧಿಸೂಚನೆಯಾದ ‘ಪ್ರಾದೇಶಿಕ ಯೋಜನೆ 2011’ ಜನರ ವಿರೋಧದಿಂದಾಗಿ ಮರುವರ್ಷವೇ ರದ್ದಾಯಿತು. ಬಳಿಕ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರೂ ಇದ್ದ ಕಾರ್ಯಪಡೆ ‘ಪ್ರಾದೇಶಿಕ ಯೋಜನೆ 2021’ ಅನ್ನು ರೂಪಿಸಿತು. ಖಾಜನ್ ಗದ್ದೆ (ಉಪ್ಪುನೀರನ್ನು ಒಡ್ಡು ಕಟ್ಟಿ ತಡೆದ ತಗ್ಗಿನ ಗದ್ದೆ) ಎಲ್ಲಿದೆ, ಕಾಡು ಎಲ್ಲಿದೆ, ಮನೆ ಕಟ್ಟಬಹುದಾದ ಜಾಗ ಎಲ್ಲಿದೆ ಎಂಬುದನ್ನು ಇಂಥ ನಕ್ಷೆಗಳು ತೋರಿಸುತ್ತವೆ. ಅಲ್ಲಿನವರು ಯಾವುದರಿಂದ ಬದುಕುತ್ತಾರೆ ಎಂಬುದು ಅವುಗಳಲ್ಲಿ ಕಾಣುವುದಿಲ್ಲ. ದಕ್ಷಿಣ ಗೋವಾದ ಕುಡಚಡೆ–ಸಾವರ್ಡೆ ಸುತ್ತಿನ ಪಂಚಾಯತಿಗಳಿಗಾಗಿ ಸ್ಥಳೀಯ ಆರ್ಥಿಕತೆಯ ಅಧ್ಯಾಯವನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂದಾಗ ಅಲ್ಲಿನ ಕಬ್ಬಿಣದ ಅದಿರಿನ ಗಣಿಗಳು ನಿಂತಿದ್ದವು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ 88 ಗಣಿ ಗುತ್ತಿಗೆಗಳ ನವೀಕರಣವನ್ನು ರದ್ದುಪಡಿಸಿತ್ತು.

ಮೊದಲು ರೂಢಿಯ ಲೆಕ್ಕವನ್ನೇ ಹಾಕಿದೆ. ಒಂದು ಕಸುಬಿನಲ್ಲಿರುವವರು ಸ್ಥಳೀಯ ದುಡಿಮೆಗಾರರಲ್ಲಿ ಎಷ್ಟು ಪಾಲು ಎಂಬುದನ್ನು, ಇಡೀ ರಾಜ್ಯದಲ್ಲಿ ಆ ಕಸುಬಿಗಿರುವ ಪಾಲಿನಿಂದ ಭಾಗಿಸುವ ಲೆಕ್ಕ ಅದು. ಉತ್ತರ ಒಂದಕ್ಕಿಂತ ಹೆಚ್ಚು ಬಂದರೆ ಆ ಕಸುಬು ಹೊರಗಿನ ಹಣವನ್ನು ಊರಿಗೆ ತರುತ್ತಿದೆ ಎಂದು ಅರ್ಥ. ಗಣಿ ನಡೆಯುತ್ತಿದ್ದ ಕಾಲದ ಅಂಕಿಗಳ ಪ್ರಕಾರ ಇಲ್ಲಿನ ಬಲ ಸಾರಿಗೆ ಮತ್ತು ದುರಸ್ತಿ. ಕೋಷ್ಟಕ ಅಚ್ಚುಕಟ್ಟಾಗಿತ್ತು, ಆದರೆ ನಂಬುವಂತಿರಲಿಲ್ಲ. ಲಾರಿಗಳು ಸಾಗಿಸುತ್ತಿದ್ದುದು ಅದಿರನ್ನೇ, ಜೆಟ್ಟಿಯಿಂದ ಬಾರ್ಜುಗಳು ಜುವಾರಿ ನದಿಯಲ್ಲಿ ಮೊರ್ಮುಗಾವ್ ಬಂದರಿಗೆ ಒಯ್ಯುತ್ತಿದ್ದುದೂ ಅದನ್ನೇ.

ಆದ್ದರಿಂದ ಕಸುಬುಗಳ ವರ್ಗಗಳನ್ನು ಬದಿಗಿಟ್ಟು, ಹಣ ಬಂದ ದಾರಿಯನ್ನು ಹಿಂಬಾಲಿಸಿದೆ. ಗ್ಯಾರೇಜು, ಪಂಕ್ಚರ್ ಅಂಗಡಿ, ಖಾನಾವಳಿ, ಬಾಡಿಗೆ ಕೋಣೆಗಳ ಮಾಲೀಕರು ಎಲ್ಲರಲ್ಲಿಯೂ ಎರಡೇ ಪ್ರಶ್ನೆ: ಹಣ ಕೊಡುವ ಗಿರಾಕಿ ಯಾರು, ನೀವು ಸರಕು ತರುವುದು ಎಲ್ಲಿಂದ? ವಿಜಯಪುರ, ಬಾಗಲಕೋಟೆ ಕಡೆಯ ಕೆಲಸಗಾರರೊಡನೆ ಕನ್ನಡದಲ್ಲಿಯೇ ಮಾತನಾಡಿದ್ದರಿಂದ ಸರ್ವೆಯ ನಮೂನೆಯಲ್ಲಿ ಸಿಗದ ಉತ್ತರಗಳು ಸಿಕ್ಕವು. “ಲಾರಿ ನಿಂತ ಮ್ಯಾಲ ವಾರಕ್ಕ ಎರಡು ಪಂಕ್ಚರ್ ಬಂದ್ರ ಹೆಚ್ಚು ರೀ” ಎಂದರೊಬ್ಬರು. ಅಂಕಿಗಳಲ್ಲಿ ಬೇರೆಬೇರೆಯಾಗಿ ಕಂಡಿದ್ದ ನಾಲ್ಕೈದು ಕಸುಬುಗಳಿಗೆ ಬೇರು ಒಂದೇ ಆಗಿತ್ತು. ಅದಿರಿನ ಹಂಗಿಲ್ಲದೆ ಉಳಿದಿದ್ದು ಮುಖ್ಯವಾಗಿ ಸಂತೆ ಮತ್ತು ರೈಲು ನಿಲ್ದಾಣದ ಸುತ್ತಲಿನ ವ್ಯಾಪಾರ. ಆ ಸಂತೆಯ ತರಕಾರಿಯೂ ಬಹುಪಾಲು ಬೆಳಗಾವಿಯದು. ಹಾಗಾಗಿ ಹಣ, ಸರಕಿನ ದಾರಿಯನ್ನು ತೋರಿಸುವ ನಕ್ಷೆಯ ಚುಕ್ಕೆಗೆರೆಗಳನ್ನು ಘಟ್ಟದ ಆಚೆಗೂ ಎಳೆದೆ. ಬೇರೆ ರಾಜ್ಯದ ಊರು ನಮ್ಮ ಯೋಜನೆಯಲ್ಲೇಕೆ ಎಂಬ ಆಕ್ಷೇಪ ಬಂತು, ನಾನು ಅಳಿಸಲಿಲ್ಲ.

ಶಿಫಾರಸಿನಲ್ಲಿ ಹೊಸ ಕೈಗಾರಿಕಾ ವಸಾಹತನ್ನು ಕೇಳಲಿಲ್ಲ. ಭಾರೀ ವಾಹನಗಳ ದುರಸ್ತಿ ಮತ್ತು ವೆಲ್ಡಿಂಗ್ ಬಲ್ಲ ಕೈಗಳು ಅಲ್ಲಿಯೇ ಇದ್ದವು. ಅವರಿಗೆ ಕೃಷಿಯಂತ್ರ ಮತ್ತು ದೋಣಿ ದುರಸ್ತಿಯ ತರಬೇತಿ, ಸಂತೆಗೆ ಚಾವಣಿ ಮತ್ತು ಸರಕು ಇಳಿಸುವ ಜಾಗ ಇಷ್ಟನ್ನೇ ಸೂಚಿಸಿದೆ. ಹಣದ ಮೂಲವಾಗಿ ತೋರಿಸಿದ್ದು ಗಣಿ ಕಾಯ್ದೆಯ 2015ರ ತಿದ್ದುಪಡಿಯಿಂದ ಬಂದ, ಗಣಿಬಾಧಿತ ಜನರಿಗಾಗಿ ಇರುವ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯನ್ನು. ಇಲ್ಲೊಂದು ತೊಡಕಿದೆ: ಆ ನಿಧಿಗೆ ವಂತಿಗೆ ಬರುವುದು ರಾಜಧನದ (ರಾಯಲ್ಟಿಯ) ಲೆಕ್ಕದಲ್ಲಿ, ಗಣಿ ನಿಂತರೆ ಅದೂ ಬತ್ತುತ್ತದೆ. ಆದ್ದರಿಂದ ಇರುವ ಶಿಲ್ಕಿನಲ್ಲಿ ತರಬೇತಿಯನ್ನು ಮೊದಲು ಮುಗಿಸಿ, ಚಾವಣಿಯನ್ನು ಎರಡನೆಯ ಹಂತಕ್ಕೆ ಇಡುವಂತೆ ಬರೆದು ಅಧ್ಯಾಯವನ್ನು ಸಲ್ಲಿಸಿದೆ.