ಅತ್ತೆಗೊಂದು ಸೂರು ಹುಡುಕುವ ಮುಂಚೆ

ನಮ್ಮ ಸೋದರತ್ತೆಗೆ 71 ವರ್ಷ. ಮೈಸೂರಿನಲ್ಲಿ ಊದುಬತ್ತಿ ಹೊಸೆದೇ ಬದುಕಿದವರು, ಮಕ್ಕಳಿಲ್ಲ. ಹೋದ ವರ್ಷ ಬಾಡಿಗೆ ಮನೆ ಬಿಡಬೇಕಾಗಿ ಬಂತು. ನಾನು ನೇರ ವೃದ್ಧಾಶ್ರಮ ಹುಡುಕಿಕೊಂಡು ಹೊರಟೆ. ಹಾಗೆ ಮಾಡಬಾರದಿತ್ತು. ವಯಸ್ಸಾದವರ ಹೆಸರಿಗೆ ತಿಂಗಳಿಗಿಷ್ಟು ಅಂತ ದುಡ್ಡು ಬರುವ ಹಾಗೆ ಮೊದಲು ಮಾಡಿ. ಕೈಯಲ್ಲಿ ತಮ್ಮದೇ ಕಾಸಿದ್ದರೆ ಎಲ್ಲಿದ್ದರೂ ತಲೆ ಎತ್ತಿ ಇರುತ್ತಾರೆ.

ಅದಕ್ಕೆ ನಾಡಕಚೇರಿಗೆ ಹೋಗಿ. 65 ದಾಟಿದ ಬಡ ಕೂಲಿಕಾರರು, ಸಣ್ಣ ರೈತರು, ನೇಕಾರರು, ಇಂಥವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಇದೆ, ತಿಂಗಳಿಗೆ 1200 ರೂಪಾಯಿ. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ ಒಯ್ಯಿರಿ. ಮೂರರಲ್ಲೂ ಹೆಸರು, ವಯಸ್ಸು ಒಂದೇ ಥರ ಇದೆಯಾ ಅಂತ ಮನೆಯಲ್ಲೇ ಕೂತು ನೋಡಿಕೊಳ್ಳಿ. ಅತ್ತೆಯ ಆಧಾರ್‌ನಲ್ಲಿ ಇನಿಷಿಯಲ್ ಬೇರೆ ಇದ್ದು, ಅದನ್ನು ಸರಿಮಾಡಿಸಲು ಎರಡು ತಿಂಗಳು ಹೋಯಿತು.

ಸ್ವಂತ ಮನೆ ಇರುವ ಹಿರಿಯರು ದಯವಿಟ್ಟು ದಾನಪತ್ರ ಬರೆಯಲು ಅವಸರ ಮಾಡಬೇಡಿ. ವಿಲ್ ಸಾಕು. ದಾನಪತ್ರ ಬರೆಯಲೇಬೇಕೆಂದರೆ ‘ನಮ್ಮನ್ನು ನೋಡಿಕೊಳ್ಳಬೇಕು’ ಎಂಬ ಷರತ್ತು ಪತ್ರದೊಳಗೇ ಇರಲಿ. ಮಾತು ತಪ್ಪಿದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ಪತ್ರ ರದ್ದು ಮಾಡಿಸಬಹುದು. ಜೀವನಾಂಶ ಕೇಳುವುದೂ ಅದೇ ಕಾಯ್ದೆಯಲ್ಲಿ. ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬೇಕು. ಮಕ್ಕಳಿಲ್ಲದವರು ಆಸ್ತಿ ಯಾರಿಗೆ ಸೇರುತ್ತದೋ ಆ ಸಂಬಂಧಿಕರಿಂದ ಕೇಳಬಹುದು.

ಇನ್ನು ಆಶ್ರಮ. ಹೇಳದೆ ಕೇಳದೆ ಊಟದ ಹೊತ್ತಿಗೆ ಹೋಗಿ. ಸಾರು ಹೇಗಿದೆ, ಹಲ್ಲಿಲ್ಲದವರಿಗೆ ಅನ್ನ ಮೆತ್ತಗೆ ಮಾಡಿಕೊಡುತ್ತಾರಾ ನೋಡಿ. ಬಚ್ಚಲಿಗೆ ಚಪ್ಪಲಿ ಬಿಟ್ಟು ಕಾಲಿಡಿ, ಜಾರುತ್ತದಾ ಗೊತ್ತಾಗುತ್ತದೆ. ರಾತ್ರಿ ಎರಡಕ್ಕೆ ಎದೆನೋವು ಬಂದರೆ ಯಾರು ಏಳುತ್ತಾರೆ, ಯಾವ ಆಸ್ಪತ್ರೆಗೆ ಒಯ್ಯುತ್ತಾರೆ ಕೇಳಿ. ಹಾಸಿಗೆ ಹಿಡಿದ ಮೇಲೂ ಇಟ್ಟುಕೊಳ್ಳುತ್ತಾರಾ ಅನ್ನುವುದೇ ದೊಡ್ಡ ಪ್ರಶ್ನೆ. ನಾನು ನೋಡಿದ ನಾಲ್ಕರಲ್ಲಿ ಮೂರು ಕಡೆ ‘ನಡೆದಾಡುವವರು ಮಾತ್ರ’ ಅಂದರು. ಅಡ್ವಾನ್ಸ್ ಎಷ್ಟು, ಬಿಟ್ಟು ಹೋದರೆ ವಾಪಸ್ ಎಷ್ಟು, ಕಾಗದದಲ್ಲಿ ಬರೆಸಿಕೊಳ್ಳಿ. ಒಬ್ಬರೇ ಹೋಗಬೇಡಿ, ಅಲ್ಲಿ ಇರಬೇಕಾದವರನ್ನೂ ಕರೆದುಕೊಂಡು ಹೋಗಿ. ಅತ್ತೆ ಒಂದು ಕಡೆ ಬಾಗಿಲಲ್ಲೇ ನಿಂತು, ‘ಇಲ್ಲಿ ಯಾರೂ ಮಾತಾಡ್ತಾ ಇಲ್ಲ ಕಣೇ’ ಅಂದರು. ನನಗೆ ಅದು ಹೊಳೆದೇ ಇರಲಿಲ್ಲ.

ಕೊನೆಗೆ ನಮ್ಮ ಬೀದಿಯಲ್ಲೇ ಮೆಟ್ಟಿಲಿಲ್ಲದ ಒಂದು ಕೋಣೆ ಸಿಕ್ಕಿತು. ಮಧ್ಯಾಹ್ನದ ಊಟ ಪಕ್ಕದ ಮೆಸ್‌ನಿಂದ, ರಾತ್ರಿ ನಮ್ಮ ಮನೆಯಿಂದ. ಬಾಡಿಗೆಯಲ್ಲಿ ಅತ್ತೆಯ 1200 ಸೇರುತ್ತದೆ, ಮಿಕ್ಕಿದ್ದು ನಾವು ಮೂವರು ಸೋದರಸೊಸೆಯಂದಿರು ಹಂಚಿಕೊಳ್ಳುತ್ತೇವೆ. ಬಚ್ಚಲ ಗೋಡೆಗೆ ಹಿಡಿಕಂಬಿ, ಮಂಚದಿಂದ ಕೈಗೆಟುಕುವ ಹಾಗೆ ಲೈಟಿನ ಸ್ವಿಚ್ಚು ಹಾಕಿಸಿದೆವು. ಕ್ಯಾಲೆಂಡರಿನ ಮೇಲೆ ಹಿರಿಯರ ಸಹಾಯವಾಣಿ 14567, ಆಂಬುಲೆನ್ಸಿನ 108 ಎರಡನ್ನೂ ದಪ್ಪಗೆ ಬರೆದಿದ್ದೇನೆ, ಕನ್ನಡಕ ಇಲ್ಲದೆಯೂ ಅತ್ತೆ ಓದುತ್ತಾರೆ.