ಕೋಡ್‌ನಲ್ಲಿ ಚಿಹ್ನೆಗಳ ತಪ್ಪನ್ನು ಹುಡುಕಿ ತಿದ್ದುವುದು ಹೇಗೆ?

ಪಿಎಚ್‌ಪಿ (ವೆಬ್‌ಸೈಟ್‌ಗಳಿಗೆ ಬಳಸುವ ಪ್ರೋಗ್ರಾಮಿಂಗ್ ಭಾಷೆ) ಕಡತದ 12ನೆಯ ಸಾಲಿನಲ್ಲಿ ದೋಷವಿದೆ ಎಂಬ ಸಂದೇಶ ಬಂದಾಗ ಮೊದಲು ಓದಬೇಕಾದದ್ದು 11ನೆಯ ಸಾಲನ್ನು. ಅದರ ಕೊನೆಯಲ್ಲಿ ಸೆಮಿಕೋಲನ್ (;) ಬಿಟ್ಟುಹೋಗಿದ್ದರೆ, ಹೇಳಿಕೆ ಇನ್ನೂ ಮುಗಿದಿಲ್ಲವೆಂದೇ ತಿಳಿದು ಪಾರ್ಸರ್ (ಕೋಡನ್ನು ಓದಿ ಅದರ ರಚನೆಯನ್ನು ಗುರುತಿಸುವ ಭಾಗ) ಕೆಳಗಿನ ಸಾಲಿಗೆ ಇಳಿಯುತ್ತದೆ, ಅಲ್ಲಿನ ಮೊದಲ ಪದ ಹೊಂದದೆ ನಿಲ್ಲುತ್ತದೆ ಮತ್ತು ತಾನು ನಿಂತ ಜಾಗದ ಸಂಖ್ಯೆಯನ್ನಷ್ಟೇ ತಿಳಿಸುತ್ತದೆ. ಹಲವು ದೋಷಗಳು ಒಟ್ಟಿಗೆ ಕಾಣಿಸಿಕೊಂಡರೂ ಮೊದಲನೆಯದನ್ನು ಮಾತ್ರ ತಿದ್ದಿ ಮತ್ತೆ ಪರೀಕ್ಷಿಸಿ. ಉಳಿದವು ಎಷ್ಟೋ ವೇಳೆ ಅದರಿಂದಲೇ ಹುಟ್ಟಿರುತ್ತವೆ.

ತೆರೆದ ಆವರಣವನ್ನು (‘{’ ಅಥವಾ ‘(’ ಯಂಥ ಚಿಹ್ನೆ) ಮುಚ್ಚದಿದ್ದರೆ ಸಂದೇಶವು ಸಾಮಾನ್ಯವಾಗಿ ಕಡತದ ಕೊನೆಯ ಸಾಲನ್ನೇ ತೋರಿಸುತ್ತದೆ. ಎಡಿಟರ್‌ನಲ್ಲಿ ಕರ್ಸರನ್ನು ಆವರಣದ ಪಕ್ಕಕ್ಕೆ ತಂದರೆ ಅದರ ಜೋಡಿ ಎದ್ದು ಕಾಣುತ್ತದೆ. ಒಳಗಿನಿಂದ ಹೊರಕ್ಕೆ ಒಂದೊಂದನ್ನೇ ನೋಡುತ್ತ ಬನ್ನಿ.

ಉದ್ಧರಣ ಚಿಹ್ನೆಗಳ ತೊಂದರೆ ಕಣ್ಣಿಗೆ ಬೀಳುವುದು ಕಷ್ಟ. ವರ್ಡ್ ಪ್ರೊಸೆಸರ್‌ನಿಂದ ನಕಲು ಮಾಡಿದ ಕೋಡ್‌ನಲ್ಲಿ ನೇರ ಚಿಹ್ನೆಯ (") ಬದಲು ಬಾಗಿದ ಚಿಹ್ನೆ (“ ”) ಬಂದಿರಬಹುದು. ಜಾವಾಸ್ಕ್ರಿಪ್ಟ್ ಅದನ್ನು ಒಪ್ಪದೆ ದೋಷವನ್ನು ತೋರಿಸುತ್ತದೆ. ವೆಬ್‌ಪುಟದ ರಚನೆಯನ್ನು ಬರೆಯುವ ಎಚ್‌ಟಿಎಂಎಲ್ ಮಾತ್ರ ಏನನ್ನೂ ಹೇಳದೆ ಅದನ್ನು ಗುಣಲಕ್ಷಣದ (ಕೊಂಡಿಯ ವಿಳಾಸವನ್ನು ಹೇಳುವ href ಮುಂತಾದುದು) ಮೌಲ್ಯದೊಳಗೇ ಸೇರಿಸಿಕೊಂಡುಬಿಡುವುದರಿಂದ ಕೊಂಡಿ ಕೆಲಸ ಮಾಡುವುದಿಲ್ಲ. ಅಂಥ ಚಿಹ್ನೆಗಳನ್ನು ಅಳಿಸಿ ಎಡಿಟರ್‌ನಲ್ಲೇ ಹೊಸದಾಗಿ ಟೈಪ್ ಮಾಡಿ. ಒಂಟಿ ಉದ್ಧರಣದೊಳಗಿನ ಪಠ್ಯದಲ್ಲಿ ಅಪಾಸ್ಟ್ರಫಿ (') ಬಂದರೆ ಪಠ್ಯ ಅಲ್ಲಿಗೇ ಮುಗಿಯಿತೆಂದು ಎಣಿಕೆಯಾಗುತ್ತದೆ. ಅದರ ಮುಂಚೆ ಹಿಂಬದಿ ಓರೆಗೆರೆ (\) ಹಾಕಿ, ಇಲ್ಲವೇ ಹೊರಗೆ ಜೋಡಿ ಉದ್ಧರಣವನ್ನು ಬಳಸಿ.

ಪುಟದ ಬಣ್ಣ, ವಿನ್ಯಾಸಗಳನ್ನು ನಿರ್ಧರಿಸುವ ಸಿಎಸ್‌ಎಸ್‌ನಲ್ಲಿ ಎರಡು ಸಾಲುಗಳ ನಡುವಿನ ಸೆಮಿಕೋಲನ್ ತಪ್ಪಿದರೆ ಆ ಎರಡೂ ಸಾಲುಗಳನ್ನು ಬ್ರೌಸರ್ ಕೈಬಿಡುತ್ತದೆ, ಪುಟದಲ್ಲಿ ಯಾವ ಎಚ್ಚರಿಕೆಯೂ ಕಾಣುವುದಿಲ್ಲ. ದತ್ತಾಂಶವನ್ನು ಬರೆದಿಡುವ ಜೇಸನ್ (JSON) ವಿನ್ಯಾಸ ಇದಕ್ಕೆ ವಿರುದ್ಧ: ಪಟ್ಟಿಯ ಕೊನೆಯ ಅಂಶದ ನಂತರ ಒಂದು ಕಾಮಾ ಉಳಿದರೂ, ಒಂಟಿ ಉದ್ಧರಣ ಬಳಸಿದರೂ ಇಡೀ ದತ್ತಾಂಶವನ್ನೇ ತಿರಸ್ಕರಿಸುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಆ ಕಾಮಾ ಸರಿಯೇ ಆದ್ದರಿಂದ ಇಲ್ಲಿ ಎಡವುವವರು ಬಹಳ.

ಜಾವಾಸ್ಕ್ರಿಪ್ಟ್ ಹಲವೆಡೆ ಸೆಮಿಕೋಲನ್ನನ್ನು ತಾನೇ ಊಹಿಸಿಕೊಳ್ಳುತ್ತದೆಯಾದರೂ ಅದನ್ನು ನೆಚ್ಚಬಾರದೆಂದೇ ನನ್ನ ಸಲಹೆ. ಫಂಕ್ಷನ್ನಿನಿಂದ ಮೌಲ್ಯವನ್ನು ಹಿಂದಿರುಗಿಸುವ ‘ರಿಟರ್ನ್’ (return) ಪದದ ಬಳಿಕ ಸಾಲು ಮುರಿದು ಮೌಲ್ಯವನ್ನು ಕೆಳಗೆ ಬರೆದರೆ ಆ ಪದಕ್ಕೇ ಹೇಳಿಕೆ ಮುಗಿಯುತ್ತದೆ, ಫಂಕ್ಷನ್ ಬರಿಗೈಯಲ್ಲಿ ಮರಳುತ್ತದೆ. ಹೊಸ ಸಾಲು ( ಅಥವಾ [ ಚಿಹ್ನೆಯಿಂದ ಶುರುವಾದರೆ ಸೆಮಿಕೋಲನ್ ಇಲ್ಲದ ಮೇಲಿನ ಸಾಲಿಗೆ ಅಂಟಿಕೊಳ್ಳುತ್ತದೆ. ಇವೆರಡೂ ವ್ಯಾಕರಣದೋಷವಾಗಿ ಕಾಣಿಸಿಕೊಳ್ಳದಿರಬಹುದಾದ್ದರಿಂದ, ಕೋಡಿನ ತಪ್ಪುಗಳನ್ನು ಹುಡುಕಿ ಬರೆಯುವಾಗಲೇ ಎಚ್ಚರಿಸುವ ಲಿಂಟರ್ ಎಂಬ ಉಪಕರಣವೊಂದನ್ನು ಎಡಿಟರ್‌ಗೆ ಜೋಡಿಸಿಕೊಳ್ಳಿ.