ಜೀರೋ ಅಂತ ಬರೆಯೋ ಮುಂಚೆ

ವೀರ್ಯ ಪರೀಕ್ಷೆ ಮಾಡೋ ಲ್ಯಾಬಲ್ಲಿ ನನ್ನ ಕೆಲಸ. ಸೇರಿದ ಹೊಸದರಲ್ಲಿ ಒಂದು ರಿಪೋರ್ಟ್ ಕೊಟ್ಟಿದ್ದೆ, ಎರಡು ಹನಿ ಸ್ಲೈಡ್ ಮೇಲೆ ಹಾಕಿ ನೋಡಿದೆ, ಒಂದು ವೀರ್ಯಾಣುನೂ ಕಾಣ್ಲಿಲ್ಲ, ನಿಲ್ ಅಂತ ಬರೆದು ಸೈನ್ ಹಾಕ್ಬಿಟ್ಟೆ. ಮೂರು ವಾರ ಆದ್ಮೇಲೆ ಅದೇ ವ್ಯಕ್ತಿ ಇನ್ನೊಂದು ಸ್ಯಾಂಪಲ್ ಕೊಟ್ರು, ನಮ್ಮ ಸೀನಿಯರ್ ಮೇಡಂ ಅದನ್ನ ಸೆಂಟ್ರಿಫ್ಯೂಜಲ್ಲಿ ತಿರುಗಿಸಿ ತಳದಲ್ಲಿ ಕೂತಿದ್ದನ್ನ ತಾಳ್ಮೆಯಿಂದ ನೋಡಿದ್ರು. ಆರು ಸಿಕ್ತು. ಅದ್ರಲ್ಲಿ ಎರಡರ ಬಾಲ ಇನ್ನೂ ಅಲ್ಲಾಡ್ತಿತ್ತು. ಬರೀ ಆರಾ ಅನ್ನಿಸಬಹುದು, ಆದ್ರೆ ಇಕ್ಸಿ ಮಾಡೋವಾಗ ಒಂದು ಅಂಡಕ್ಕೆ ಸೂಜಿಲಿ ಚುಚ್ಚಿ ಬಿಡೋದು ಒಂದೇ ಒಂದು ವೀರ್ಯಾಣು, ಹಾಗಾಗಿ ಆರಕ್ಕೂ ಸೊನ್ನೆಗೂ ಅಜಗಜಾಂತರ. ಆ ಮೂರು ವಾರ ಆ ಗಂಡ ಹೆಂಡ್ತಿ ಹೇಗೆ ಕಳೆದ್ರೋ ನಾನು ಕೇಳೋಕೆ ಹೋಗ್ಲಿಲ್ಲ, ಧೈರ್ಯ ಇರ್ಲಿಲ್ಲ.

ಅವತ್ತಿಂದ ಸ್ಲೈಡ್ ಖಾಲಿ ಕಂಡ್ರೆ ಪೆನ್ ಮುಟ್ಟಲ್ಲ. ಮೊದ್ಲು ಆ ವ್ಯಕ್ತಿನ ಕರೆದು ಕೇಳ್ತೀನಿ, ಕೊನೇ ಸಲ ವೀರ್ಯ ಹೋಗಿ ಎಷ್ಟು ದಿನ ಗ್ಯಾಪ್ ಇತ್ತು (2ರಿಂದ 7 ದಿನ ಇರಬೇಕು), ಸ್ಯಾಂಪಲ್ ಪೂರ್ತಿ ಕಪ್ಪಿಗೆ ಬಿತ್ತಾ ಇಲ್ಲ ಹೊರಗೆ ಚೆಲ್ತಾ. ಮೊದಲು ಬರೋ ಭಾಗದಲ್ಲೇ ವೀರ್ಯಾಣು ಜಾಸ್ತಿ ಇರೋದು, ಅದೇ ಚೆಲ್ಲಿಹೋದ್ರೆ ರಿಪೋರ್ಟ್ ನಂಬೋ ಹಾಗಿಲ್ಲ. ಆಮೇಲೆ ಸ್ಯಾಂಪಲ್‌ನ 3000 ಜಿ ಬಲದಲ್ಲಿ (ಭೂಮಿಯ ಸೆಳೆತದ 3000 ಪಟ್ಟು) 15 ನಿಮಿಷ ತಿರುಗಿಸಿ ತಳ ನೋಡೋದು. ಆಗ್ಲೂ ಇಲ್ಲ ಅಂದ್ರೆ ಇನ್ನೊಂದು ದಿನ ಇನ್ನೊಂದು ಸ್ಯಾಂಪಲ್. ಎರಡರಲ್ಲೂ ಇಲ್ಲ ಅಂದ್ರೇನೇ ಅಜೂಸ್ಪರ್ಮಿಯಾ ಅಂತ ಬರೆಯೋದು.

"ನೋಡೋಕೆ ಎಲ್ಲಾ ನಾರ್ಮಲ್ ಆಗೇ ಇದೆಯಲ್ಲ ಸರ್, ಹೇಗೆ ಜೀರೋ ಆಗುತ್ತೆ?" ಅಂತ ಹೆಚ್ಚುಕಮ್ಮಿ ಎಲ್ರೂ ಕೇಳ್ತಾರೆ. ವೀರ್ಯದಲ್ಲಿ ಬಹುಪಾಲು ಬರೀ ದ್ರವ, ಅದು ಬರೋದು ವೀರ್ಯಕೋಶ ಮತ್ತೆ ಪ್ರಾಸ್ಟೇಟ್‌ನಿಂದ, ವೃಷಣದಿಂದ ಬರೋ ಪಾಲು ತೀರಾ ಚಿಕ್ಕದು. ಸಂತಾನಹರಣ ಆಪರೇಷನ್ ಮಾಡಿಸ್ಕೊಂಡವರಿಗೂ ನೋಡೋಕೆ ಏನೂ ವ್ಯತ್ಯಾಸ ಗೊತ್ತಾಗಲ್ಲ, ಅಷ್ಟೇ. ಗಂಡಸ್ತನಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ ನಾನು ಭಾಷಣ ಮಾಡೋದಿಲ್ಲ, ಇದೊಂದು ವಿಷಯ ಹೇಳಿದ್ರೆ ಅವರಿಗೇ ಅರ್ಥ ಆಗುತ್ತೆ.

ಆದ್ರೆ ಆ ದ್ರವಾನೇ ನನಗೆ ಬಹಳ ಸುಳಿವು ಕೊಡುತ್ತೆ. 1.4 ಎಂಎಲ್‌ಗಿಂತ ಕಮ್ಮಿ ಬಂದ್ರೆ, ಪಿಎಚ್ ಪೇಪರ್ ಹುಳಿ ಕಡೆ ತೋರಿಸಿದ್ರೆ, ಫ್ರಕ್ಟೋಸ್ (ವೀರ್ಯಕೋಶದಿಂದ ಬರೋ ಸಕ್ಕರೆ) ಇಲ್ಲ ಅಂತ ಬಂದ್ರೆ ವೀರ್ಯಕೋಶದ ದ್ರವ ಬರ್ತಾನೇ ಇಲ್ಲ ಅಂತ ಅರ್ಥ, ಕೊನೇಲಿ ನಾಳ ಕಟ್ಟಿರಬೇಕು ಇಲ್ಲ ಹುಟ್ಟಿನಿಂದ್ಲೇ ವೀರ್ಯನಾಳ ಇರಲ್ಲ. ನಾಳ ಇದೆಯೋ ಇಲ್ವೋ ಅನ್ನೋದು ಡಾಕ್ಟರ್ ಕೈಲಿ ಮುಟ್ಟಿ ನೋಡಿದ್ರೇ ಗೊತ್ತಾಗುತ್ತೆ, ಸ್ಕ್ಯಾನ್ ಆಮೇಲಿನ ಮಾತು. ಅಂಥವರಲ್ಲಿ ಸಿಎಫ್‌ಟಿಆರ್ ಜೀನ್ ತೊಂದರೆ ಇರೋದು ಜಾಸ್ತಿ, ಇಬ್ರಲ್ಲೂ ಅದು ಇದ್ರೆ ಮಗುವಿಗೆ ಸಿಸ್ಟಿಕ್ ಫೈಬ್ರೋಸಿಸ್ ಅನ್ನೋ ಕಾಯಿಲೆ ಬರಬಹುದು, ಹಾಗಾಗಿ ಹೆಂಡ್ತಿದೂ ಟೆಸ್ಟ್ ಮಾಡ್ಸಬೇಕು. ಪ್ರಮಾಣ ಕಮ್ಮಿ ಇದ್ದು ಶುಗರ್ ಕಾಯಿಲೆ (ಡಯಾಬಿಟಿಸ್) ಇದ್ರೆ ಮೂತ್ರನೂ ತರಿಸಿ ನೋಡ್ತೀನಿ, ಕೆಲವೊಮ್ಮೆ ವೀರ್ಯ ಹಿಂದಕ್ಕೆ ಮೂತ್ರಚೀಲಕ್ಕೆ ಹೋಗಿರುತ್ತೆ.

ಪ್ರಮಾಣ ಸರಿಯಾಗಿದ್ದು ಎಫ್‌ಎಸ್‌ಎಚ್ (ವೀರ್ಯಾಣು ತಯಾರಿಸು ಅಂತ ಮೆದುಳಿನ ಕಡೆಯಿಂದ ವೃಷಣಕ್ಕೆ ಬರೋ ಹಾರ್ಮೋನ್) ಜಾಸ್ತಿ, ವೃಷಣ ಚಿಕ್ಕದು ಅಂದ್ರೆ ಕಥೆ ಬೇರೆ, ಅಲ್ಲಿ ದಾರಿ ಕಟ್ಟಿಲ್ಲ, ಉತ್ಪಾದನೆನೇ ಇಲ್ಲ ಅಥವಾ ತೀರಾ ಕಮ್ಮಿ.

ಎಫ್‌ಎಸ್‌ಎಚ್ ತೀರಾ ಕಮ್ಮಿ ಬಂದ್ರೂ ನಾನು ಎಚ್ಚರ ಆಗ್ತೀನಿ. ಒಬ್ಬ ಹುಡುಗ ಬಂದಿದ್ದ, ಕಟ್ಟುಮಸ್ತಾದ ಮೈ, ಏನಾದ್ರೂ ಔಷಧಿ ತಗೋತೀರಾ ಅಂದ್ರೆ ಇಲ್ಲ ಸರ್ ಅಂದ. ಎರಡನೇ ಸಲ ಬಂದಾಗ ಜಿಮ್‌ಗೆ ಇಂಜೆಕ್ಷನ್ ಏನಾದ್ರೂ ಅಂತ ನೇರವಾಗಿ ಕೇಳಿದೆ. "ಅದು ಔಷಧಿ ಅಲ್ವಲ್ಲ ಸರ್" ಅಂದ! ಟೆಸ್ಟೋಸ್ಟೆರಾನ್ ಹೊರಗಿಂದ ಹಾಕ್ಕೊಂಡ್ರೆ ಮೆದುಳು ಸಾಕಪ್ಪ ಅಂತ ಎಫ್‌ಎಸ್‌ಎಚ್, ಎಲ್‌ಎಚ್ ಅನ್ನೋ ಎರಡೂ ಹಾರ್ಮೋನ್ ನಿಲ್ಲಿಸಿಬಿಡುತ್ತೆ, ವೃಷಣಕ್ಕೆ ಆರ್ಡರ್ ಬರೋದೇ ನಿಂತುಹೋಗುತ್ತೆ, ರಕ್ತದಲ್ಲಿ ಹಾರ್ಮೋನ್ ತುಂಬಿ ತುಳುಕ್ತಿದ್ರೂ ವೀರ್ಯಾಣು ಸೊನ್ನೆ. ಡಾಕ್ಟರ್ ಅದನ್ನ ನಿಲ್ಲಿಸಿದ್ರು. ಒಂದು ವೀರ್ಯಾಣು ತಯಾರಾಗೋಕೇ ಎರಡೂವರೆ ತಿಂಗಳು ಬೇಕು, ಹಾಗಾಗಿ ಮುಂದಿನ ವಾರನೇ ಬಂದು ಚೆಕ್ ಮಾಡ್ಸೋದ್ರಲ್ಲಿ ಅರ್ಥ ಇಲ್ಲ. ಏಳನೇ ತಿಂಗಳಲ್ಲಿ ಅವನ ಸ್ಲೈಡಲ್ಲಿ ಓಡಾಟ ಕಂಡಾಗ ಅವನಿಗಿಂತ ನನಗೇ ಜಾಸ್ತಿ ಖುಷಿ ಆಯ್ತು ಅನ್ಸುತ್ತೆ. ಎಲ್ರಿಗೂ ಹೀಗೇ ವಾಪಸ್ ಬರುತ್ತೆ ಅಂತ ಗ್ಯಾರಂಟಿ ಕೊಡೋಕಾಗಲ್ಲ.

ಇನ್ನು ಉತ್ಪಾದನೆ ಕಮ್ಮಿ ಇರೋರಿಗೆ ಮೈಕ್ರೋ ಟೆಸೆ, ಅಂದ್ರೆ ವೃಷಣ ಕೊಯ್ದು ಮೈಕ್ರೋಸ್ಕೋಪಲ್ಲಿ ವೀರ್ಯಾಣು ಹುಡುಕೋ ಆಪರೇಷನ್. ಅದಕ್ಕೆ ಮುಂಚೆ ಕ್ರೋಮೋಸೋಮ್ ಮತ್ತೆ ವೈ ಡಿಲೀಶನ್ ಟೆಸ್ಟ್ (ವೈ ಕ್ರೋಮೋಸೋಮಿನ ಎಝಡ್‌ಎಫ್ ಎ, ಬಿ, ಸಿ ಅನ್ನೋ ಭಾಗಗಳು ಇವೆಯಾ ಅಂತ ನೋಡೋದು) ಆಗಿರಲೇಬೇಕು ಅಂತ ನನ್ನ ಹಠ, ಯಾಕಂದ್ರೆ ಎಝಡ್‌ಎಫ್‌ಎ ಅಥವಾ ಬಿ ಪೂರ್ತಿ ಹೋಗಿದ್ರೆ ವೀರ್ಯಾಣು ಸಿಗೋ ಆಸೆ ಇಲ್ಲ ಅನ್ನಬೇಕು, ಸುಮ್ನೆ ಕೊಯ್ಯೋದು ಯಾಕೆ. ಸಿ ಮಾತ್ರ ಹೋಗಿದ್ರೆ ಸಿಗೋ ಚಾನ್ಸ್ ಇದೆ, ಆದ್ರೆ ಗಂಡು ಮಗು ಆದ್ರೆ ಅವನಿಗೂ ಅದೇ ದಾಟುತ್ತೆ ಅಂತ ಮೊದ್ಲೇ ಹೇಳಬೇಕು.

ಆಪರೇಷನ್ ದಿನ ಡಾಕ್ಟರ್ ಮೈಕ್ರೋಸ್ಕೋಪಲ್ಲಿ ನೋಡ್ತಾ ವೃಷಣದೊಳಗೆ ಸ್ವಲ್ಪ ದಪ್ಪಗೆ ಬೆಳ್ಳಗೆ ಕಾಣೋ ಸಣ್ಣ ನಾಳ ಹುಡುಕಿ ತುಣುಕು ಕಳಿಸ್ತಾರೆ, ನಾನು ಎರಡು ಸೂಜಿ ಇಟ್ಕೊಂಡು ಅದನ್ನ ಹರಿದು ಹರಿದು ಡಿಶ್ ತುಂಬಾ ಹುಡುಕ್ತೀನಿ, ರಕ್ತಕಣಗಳ ಮಧ್ಯೆ. ಗಂಟೆಗಟ್ಲೆ. ಕುತ್ತಿಗೆ ಹಿಡ್ಕೊಳ್ಳುತ್ತೆ, ಕಣ್ಣು ಮೋಸ ಮಾಡುತ್ತೆ, ಹಾಗಾಗಿ ಗಂಟೆಗೊಂದ್ಸಲ ಕುರ್ಚಿ ಬೇರೆಯವರಿಗೆ ಬಿಡ್ತೀನಿ. ಸುಮಾರು ಅರ್ಧದಷ್ಟು ಜನಕ್ಕೆ ಸಿಗುತ್ತೆ. ಸಿಕ್ಕಿದ್ದನ್ನ ಫ್ರೀಜ್ ಮಾಡಿ ಇಡ್ತೀವಿ, ಮತ್ತೆ ಕೊಯ್ಯೋ ಹಾಗಾಗದಿರಲಿ ಅಂತ.

ಸಿಗದೇ ಇದ್ದ ದಿನ ರಿಪೋರ್ಟ್ ಕೌಂಟರಲ್ಲಿ ಕೊಡೋಕೆ ಬಿಡಲ್ಲ. ಎಷ್ಟು ಡಿಶ್ ನೋಡಿದ್ವಿ, ಎಷ್ಟು ಹೊತ್ತು ಹುಡುಕಿದ್ವಿ, ಯಾರ್ಯಾರು ಕೂತಿದ್ರು ಅಂತ ಪೂರ್ತಿ ಬರೆದು ಡಾಕ್ಟರ್ ಕೈಗೆ ಕೊಡ್ತೀನಿ, ಗಂಡ ಹೆಂಡ್ತಿ ಇಬ್ರೂ ಕೂತಿದ್ದಾಗ ಅವರು ಓದಿ ಹೇಳ್ತಾರೆ.